ಲಕೋಟೆ ಇಸಕೊಳ್ಳುವ ಬಗೆ

ಈ ಸಿನಿಮಾದಲ್ಲಿ ನನ್ನ ಕೆಲಸ ಸಾಮಾನು ಒದಗಿಸುವುದು:
ತುಂಬಿದ ಆಶ್‌ಟ್ರೇ, ಗೊರಗುಡುವ ವೈರ್‌ಲೆಸ್ಸು,
ಠಾಣೆಯ ಗೋಡೆಗೆ ಹೋದ ವರ್ಷದ ಕ್ಯಾಲೆಂಡರು,
ಮತ್ತೆ ಲಕೋಟೆಗಳು.
ಟೇಕಿಗೊಂದು ಹೊಸದು. ಒಳಗೆ
ನೋಟಿನ ಅಳತೆಗೆ ಕತ್ತರಿಸಿದ ಟೆಲಿಫೋನ್ ಡೈರೆಕ್ಟರಿ.

ಕಾನ್‌ಸ್ಟಾಂತ್ಸಾ ಬಂದರು. ಫೆಬ್ರವರಿ. ಐದನೆಯ ಗೇಟು.
ಕಪ್ಪು ಸಮುದ್ರ ಹೆಸರಿಗೆ ಮಾತ್ರ ಕಪ್ಪು,
ಇವತ್ತು ಪಾತ್ರೆ ತೊಳೆದ ನೀರಿನ ಬಣ್ಣ.
ನಿರ್ದೇಶಕಿ ರುಕ್ಸಾಂಡ್ರಾಗೆ ಬೇಕಾದದ್ದೂ ಅದೇ.
"ಬಿಸಿಲು ಬಿದ್ದರೆ ಯಾರೂ ನಂಬುವುದಿಲ್ಲ," ಅನ್ನುತ್ತಾಳೆ.
ಸಂಗೀತವಿಲ್ಲ, ಗುಂಡಿನ ಸದ್ದಿಲ್ಲ.
ಒಬ್ಬ ಪೊಲೀಸ, ಒಂದು ಲಾರಿ, ಎರಡು ಮಾತು.

ಹೊರಿಯಾ ದೊಡ್ಡ ನಟ.
ಬುಕಾರೆಸ್ಟಿನ ರಂಗದ ಮೇಲೆ ರಾಜರನ್ನು ಕೊಂದು ಬಂದವನು.
ಲಕೋಟೆ ಮುಟ್ಟುವ ಮುಂಚೆ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ,
ಗಂಟಲ ಗಂಟು ಕುಣಿಸಿದ,
ಹಣೆಯ ಮೇಲೆ ಪಾಪಪ್ರಜ್ಞೆ ತಂದುಕೊಂಡ.
ಕಟ್.

ಆಗ ಎದ್ದರು ಮುರ್ಗೋಚಿ, ನಮ್ಮ ಸಲಹೆಗಾರರು.
ಇಪ್ಪತ್ತಾರು ವರ್ಷ ಇದೇ ಗೇಟಿನಲ್ಲಿ ನಿಂತವರು,
ಪಿಂಚಣಿಯಲ್ಲಿ ಅರ್ಧ ಕಳಕೊಂಡವರು; ಯಾಕೆಂದು
ನಮ್ಮ ಕರಾರಿನಲ್ಲಿ ಬರೆದಿಲ್ಲ.
"ಕಳ್ಳನ ಹಾಗೆ ನೋಡಬೇಡ ಮಗೂ, ಇದು ಕಳ್ಳತನವಲ್ಲ.
ಕೈಗೆ ಬಂದದ್ದನ್ನು ಕಣ್ಣು ನೋಡಬಾರದು.
ಅವನ ಕಾಗದಪತ್ರ ಓದುತ್ತಿರು. ಕೇಳು:
ನಿನ್ನ ತಾಯಿಯ ಮಂಡಿನೋವು ಹೇಗಿದೆ?
ಅವನು ಹೇಳುವುದನ್ನು ಕೇಳಿಸಿಕೋ. ನಿಜಕ್ಕೂ ಕೇಳಿಸಿಕೋ.
ಅಷ್ಟರಲ್ಲಿ ಆಗಿಹೋಗಿರುತ್ತದೆ."

ಮಾಡಿಯೂ ತೋರಿಸಿದರು.
ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತಾರಲ್ಲ,
ಇಲ್ಲಿ ಇಸಕೊಂಡ ಕೈಗೇ ತಿಳಿದಂತಿರಲಿಲ್ಲ.
ಶಾಲೆಗೆ ಹೊರಟ ಕೂಸಿನ ಕಾಲರು ಸರಿಮಾಡುವಷ್ಟು
ಮೆತ್ತಗೆ.

ಲಾರಿಯವನು ನಟನಲ್ಲ. ಲಾರಿಯೂ ಅವನದೇ,
ನೆಕುಲಾಯ್, ಗೋಧಿ ಸಾಗಿಸುತ್ತ ಮುದಿಯಾದವನು.
ಅವನಿಗೆ ಯಾರೂ ಕಲಿಸಿರಲಿಲ್ಲ.
ಲಕೋಟೆ ಲೈಸೆನ್ಸಿನ ಅಡಿಗೆ, ಹೆಬ್ಬೆರಳು ಮೇಲೆ,
ಅಂಟಿಸದ ಬಾಯಿ ತನ್ನ ಕಡೆಗೆ.
ಚಿತ್ರಕಥೆಯಲ್ಲಿ ಇದಿಲ್ಲ.
ಮುರ್ಗೋಚಿ ಮೊದಲ ಸಲ ಅವನ ಮುಖ ನೋಡಿದರು.
"ತಾಯಿ ಹೋಗಿ ಒಂಬತ್ತು ವರ್ಷವಾಯಿತು, ಸಾಹೇಬರೇ.
ನೀವು ಆಗಲೂ ಕೇಳುತ್ತಿದ್ದಿರಿ."

ಕ್ಯಾಮೆರಾ ಓಡುತ್ತಿರಲಿಲ್ಲ.
ರುಕ್ಸಾಂಡ್ರಾ ಹಲ್ಲು ಕಚ್ಚಿ ಬೈದುಕೊಂಡದ್ದು
ಯಾರನ್ನೋ, ಯಾಕೋ.

ಹೇಳಿಬಿಡುತ್ತೇನೆ.
ಈ ಗೇಟನ್ನು ಮೂರು ದಿನ ನಮಗಾಗಿ ಮುಚ್ಚಿಸಲು
ಹೋದ ವಾರ ಇದೇ ಕಟ್ಟಿನಿಂದ ಒಂದು ಲಕೋಟೆ ಮಾಡಿದ್ದೆ.
ಅದರಲ್ಲಿ ಡೈರೆಕ್ಟರಿ ಇರಲಿಲ್ಲ.
ಒಯ್ದು ಕೊಟ್ಟವರು ಮುರ್ಗೋಚಿ.
ಲೆಕ್ಕದ ಪುಸ್ತಕದಲ್ಲಿ: ಊಟ, ಚಹಾ, ಇತರೆ.

ಹನ್ನೊಂದನೆಯ ಟೇಕಿಗೆ ಹೊರಿಯಾನ ಕಣ್ಣು ಕಲಿಯಿತು,
ಹದಿನೇಳಕ್ಕೆ ಕೈ.
ನಾಯಿಯೊಂದು ಕ್ರೇನಿನ ಕೆಳಗಿಂದ ಚೌಕಟ್ಟಿನೊಳಗೆ ಬಂದು
ನೆಕುಲಾಯನ ಬೂಟು ಮೂಸಿ ಹೋಯಿತು.
ಅದನ್ನೇ ಇಟ್ಟುಕೊಂಡರು.

ಸಂಜೆ ದೀಪ ಆರಿಸಿ ತಂತಿ ಸುತ್ತುವ ಹೊತ್ತು
ಮುರ್ಗೋಚಿಗೆ ದಿನಗೂಲಿ ಕೊಟ್ಟೆ.
ಬೇರೆ ಕವರು ಮುಗಿದಿತ್ತು, ಅದೇ ಲಕೋಟೆಯಲ್ಲಿ.
ಅವರ ಕೈ ಮುಂದೆ ಬಂತು, ನಿಂತಿತು.
ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು.
ಕನ್ನಡಕ ಹಾಕಿಕೊಂಡು, ಬಾಯಿ ಬಿಡಿಸಿ,
ಬೆರಳಿಗೆ ಎಂಜಲು ಹಚ್ಚಿ ಮೂರು ಸಲ ಎಣಿಸಿದರು.
"ಸಹಿ ಎಲ್ಲಿ ಹಾಕಬೇಕು?" ಅಂದರು.
ಸಹಿ ಬೇಡ ಅಂದೆ.
"ಹಾಕುತ್ತೇನೆ," ಅಂದರು. "ಎಲ್ಲಾದರೂ ಒಂದು ಕಡೆ.
ಕಾಗದ ಕೊಡಮ್ಮ."